ಎಲ್ಲೂ ಇಲ್ಲದ ಊರಿನ ಕೇರಿ

ಹೂಡೆಯ ದಂಡೆಯಲ್ಲಿ ನಿಂತರೆ ಪಡುವಣದ ಕಡಲಲ್ಲಿ ಕಪ್ಪು ಗೆರೆ ಎಳೆದ ಹಾಗೆ ಕಾಣುವ ದ್ವೀಪಗಳಿವೆಯಲ್ಲ, ಅವಕ್ಕೆ ಎರಡು ಹೆಸರು. ಊರವರ ಬಾಯಲ್ಲಿ ತೋನ್ಸೆಪಾರ್. ಪುಸ್ತಕದಲ್ಲಿ, ಪ್ರವಾಸೋದ್ಯಮದ ಬೋರ್ಡಿನಲ್ಲಿ ಸೈಂಟ್ ಮೇರೀಸ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು, ಶಿಲುಬೆಯ ಕಂಬ ನೆಟ್ಟು, ಮೇರಿಮಾತೆಯ ಹೆಸರಿಟ್ಟ ಎಂಬುದು ಐತಿಹ್ಯ. ಅದಾಗಿ ಹದಿನೆಂಟು ವರ್ಷಕ್ಕೆ, 1516ರಲ್ಲಿ, ಇಂಗ್ಲೆಂಡಿನ ಥಾಮಸ್ ಮೋರ್ ಲ್ಯಾಟಿನ್ನಿನಲ್ಲಿ ಒಂದು ಸಣ್ಣ ಪುಸ್ತಕ ಬರೆದು ಪ್ರಕಟಿಸಿದ. ಹೆಸರು 'ಯುಟೋಪಿಯಾ', ಅಂದರೆ ಎಲ್ಲೂ ಇಲ್ಲದ ಊರು. ಆ ಊರನ್ನು ಕಂಡುಬಂದೆ ಎಂದು ಕತೆ ಹೇಳುವ ನಾವಿಕ ರಾಫೆಲ್ ಸಿಂಹಳ ದ್ವೀಪದ ದಾರಿಯಾಗಿ ಕಲ್ಲಿಕೋಟೆಗೆ ಬಂದು, ಅಲ್ಲಿ ಪೋರ್ಚುಗೀಸರ ಹಡಗು ಹತ್ತಿ ತನ್ನ ದೇಶಕ್ಕೆ ಮರಳುತ್ತಾನೆ. ಹಾಗೆ ನೋಡಿದರೆ ಆ ಕಟ್ಟುಕತೆಯ ಮನುಷ್ಯ ನಮ್ಮ ಹೂಡೆಯ ಮುಂದೆಯೇ ಹಾದುಹೋಗಿದ್ದರೂ ಹೋಗಿರಬಹುದು.

ಇದನ್ನು ತಮಾಷೆಗೆ ಹೇಳುತ್ತಾ ನಾನು ವಿದ್ಯಾರ್ಥಿಗಳನ್ನು ಒಮ್ಮೆ ಆ ದಂಡೆಗೆ ಕರೆದುಕೊಂಡು ಹೋಗಿದ್ದೆ. ಯುಟೋಪಿಯಾದಲ್ಲಿ ಖಾಸಗಿ ಆಸ್ತಿ ಇಲ್ಲ, ದಿನಕ್ಕೆ ಆರೇ ಗಂಟೆ ಕೆಲಸ, ಚಿನ್ನಕ್ಕೆ ಬೆಲೆಯೇ ಇಲ್ಲ ಅಂತೆಲ್ಲ ಹೇಳಿ ಮುಗಿಸಿದಾಗ ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಅಲ್ಲಿ ಕಸ ತೆಗಿಯೋರು ಯಾರು ಸಾರ್?" ನಾನು ತಡವರಿಸಿದೆ. ಎಂ.ಎ. ಪರೀಕ್ಷೆಗೆ ಇದೇ ಪುಸ್ತಕದ ಮೇಲೆ ಹತ್ತು ಅಂಕದ ಪ್ರಬಂಧ ಬರೆದು ಪಾಸಾದವನು ನಾನು. ಕೇರಿಯಿಂದ ಬಂದವನು. ಆದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮನೆಗೆ ಹೋಗಿ ಪುಸ್ತಕ ತೆರೆದರೆ ಉತ್ತರ ಅಲ್ಲೇ ಇತ್ತು. ಮೋರ್ ಏನನ್ನೂ ಮುಚ್ಚಿಟ್ಟಿಲ್ಲ. ನಾನೇ ಆ ಸಾಲುಗಳನ್ನು ದಾಟಿಕೊಂಡು ಓದಿದ್ದೆ.

ಯುಟೋಪಿಯಾದಲ್ಲಿ ದನ ಕೊಯ್ಯುವುದು ನಗರದ ಹೊರಗೆ, ಹರಿಯುವ ನೀರಿನ ಪಕ್ಕದಲ್ಲಿ. ಕೊಯ್ಯುವವರು ಗುಲಾಮರು. ನಾಗರಿಕರು ಆ ಕೆಲಸ ಮಾಡುವಂತಿಲ್ಲ. ಮಾಡಿದರೆ ಅವರ ಮನಸ್ಸಿನ ಕರುಣೆ ಸವೆದುಹೋಗುತ್ತದಂತೆ. ಕೊಳೆಯಾದ ಯಾವ ವಸ್ತುವೂ ಊರೊಳಗೆ ಬರಬಾರದು, ಬಂದರೆ ಗಾಳಿ ಕೆಡುತ್ತದೆ. ಎಲ್ಲರೂ ಒಟ್ಟಿಗೆ ಉಣ್ಣುವ ದೊಡ್ಡ ಊಟದ ಮನೆಗಳಿವೆ. ಅಡುಗೆ ಸರದಿಯ ಮೇಲೆ ಹೆಂಗಸರದು, ಗಲೀಜಿನ ಕೆಲಸ ಗುಲಾಮರದು. ಚಿನ್ನಕ್ಕೆ ಬೆಲೆಯಿಲ್ಲ ಎಂದು ತೋರಿಸಲು ಅದರಿಂದ ಉಚ್ಚೆ ಪಾತ್ರೆ ಮಾಡುತ್ತಾರೆ, ಗುಲಾಮರ ಕಾಲಿಗೆ ಸಂಕೋಲೆ ಮಾಡುತ್ತಾರೆ. ಇದನ್ನು ಓದಿದ ಮೇಲೆ ನಮ್ಮ ಕಡೆಯ ಯಾರಿಗಾದರೂ ಇದು ಯುರೋಪಿನ ಪುಸ್ತಕ ಅನ್ನಿಸೀತೆ? 'ಊರಿದ್ದಲ್ಲಿ ಹೊಲಗೇರಿ' ಎಂಬ ಗಾದೆಯನ್ನು ಮೇಲ್ಜಾತಿಯವರು ನಮ್ಮ ಕಿವಿಗೆ ಬೀಳುವ ಹಾಗೆಯೇ ಹೇಳುತ್ತಿದ್ದರು. ಎಲ್ಲೂ ಇಲ್ಲದ ಊರಿಗೂ ಒಂದು ಕೇರಿ ಇದೆ ಎಂಬುದು ನನಗೆ ಆವತ್ತು ಗೊತ್ತಾಯಿತು.

ಒಂದು ವ್ಯತ್ಯಾಸವನ್ನು ಮರೆಯದೆ ಹೇಳಬೇಕು. ಮೋರ್‌ನ ಗುಲಾಮರು ಹುಟ್ಟಿನಿಂದ ಗುಲಾಮರಲ್ಲ. ಅಪರಾಧ ಮಾಡಿದ ನಾಗರಿಕರು, ಬೇರೆ ದೇಶಗಳಲ್ಲಿ ಮರಣದಂಡನೆಗೆ ಗುರಿಯಾಗಿ ಇಲ್ಲಿಗೆ ತರಲ್ಪಟ್ಟವರು, ಹೊಟ್ಟೆಪಾಡಿಗೆ ತಾವಾಗಿ ಬಂದ ನೆರೆನಾಡಿನ ಬಡವರು. ಗುಲಾಮರ ಮಕ್ಕಳು ಗುಲಾಮರಲ್ಲ. ಈ ಒಂದು ಮಾತಿನಲ್ಲಿ ಮೋರ್ ನಮ್ಮ ಧರ್ಮಶಾಸ್ತ್ರಕಾರರಿಗಿಂತ ಎಷ್ಟೋ ಮುಂದಿದ್ದಾನೆ.

ಇನ್ನು ಈ ಪುಸ್ತಕಗಳ ಕ್ರೈಸ್ತ ಸಂಕೇತಗಳ ಮಾತು. 16, 17ನೇ ಶತಮಾನದ ಕನಸಿನ ನಗರಗಳ ಹೆಸರನ್ನೇ ನೋಡಿ. ಜರ್ಮನಿಯ ಲೂಥರನ್ ಪಾದ್ರಿ ಯೋಹಾನ್ ವಾಲೆಂಟಿನ್ ಆಂಡ್ರಿಯೆ 1619ರಲ್ಲಿ ಬರೆದ 'ಕ್ರಿಸ್ತಿಯಾನೋಪೊಲಿಸ್'ನ ದ್ವೀಪ ಕಫರ್ ಸಲಾಮ. ಫ್ರಾನ್ಸಿಸ್ ಬೇಕನ್ನನ 'ಹೊಸ ಅಟ್ಲಾಂಟಿಸ್' (1627) ಪುಸ್ತಕದ ದ್ವೀಪ ಬೆನ್ಸಲೆಂ. ಸಾಮ್ಯುಯೆಲ್ ಗಾಟ್‌ನ 1648ರ ಕೃತಿ 'ನೋವಾ ಸೊಲಿಮಾ'. ಸಲಾಮ, ಸಲೆಂ, ಸೊಲಿಮಾ ಎಲ್ಲವೂ ಜೆರುಸಲೇಮಿನ ನೆರಳು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಆಕಾಶದಿಂದ ಒಂದು ಹೊಸ ಜೆರುಸಲೇಂ ಇಳಿದುಬರುತ್ತದೆ. ಚೌಕಾಕಾರ, ಹನ್ನೆರಡು ಬಾಗಿಲು, ಬೀದಿಗೆಲ್ಲ ಚಿನ್ನ. ಮೋರ್‌ನ ರಾಜಧಾನಿ ಹೆಚ್ಚುಕಡಿಮೆ ಚೌಕ. ಆಂಡ್ರಿಯೆಯ ನಗರವೂ ಚೌಕ, ನಟ್ಟನಡುವೆ ದೇವಾಲಯ. ನಕ್ಷೆ ಬಂದದ್ದು ಅಲ್ಲಿಂದ. ನಕ್ಷೆಯ ಜತೆಗೆ ಇನ್ನೊಂದೂ ಬಂತು. ಆ ಪ್ರಕಟನೆಯ ನಗರದೊಳಗೆ ಅಶುದ್ಧವಾದ ಯಾವುದಕ್ಕೂ ಪ್ರವೇಶವಿಲ್ಲ. ನಾಯಿಗಳೂ ಪಾಪಿಗಳೂ ಹೊರಗೆ. ಆಂಡ್ರಿಯೆಯ ನಗರದ ಬಾಗಿಲಲ್ಲಿ ಬಂದವನಿಗೆ ಮೂರು ಸಲ ಪರೀಕ್ಷೆ ನಡೆಯುತ್ತದೆ. ಅವರು ಸಹಿಸದವರ ಪಟ್ಟಿಯಲ್ಲಿ ಭಿಕ್ಷುಕರೂ ಇದ್ದಾರೆ.

ಆದರೆ ಅದೇ ಬೈಬಲಿನಲ್ಲಿ ಇದಕ್ಕೆ ಎದುರು ನಿಲ್ಲುವ ಇನ್ನೊಂದು ಚಿತ್ರವೂ ಉಂಟು. ಯೇಸುವನ್ನು ಶಿಲುಬೆಗೆ ಹಾಕಿದ್ದು ಊರ ಹೊರಗೆ. ಇಬ್ರಿಯರಿಗೆ ಬರೆದ ಪತ್ರಿಕೆ ಇದನ್ನು ಒತ್ತಿ ಹೇಳುತ್ತದೆ: ಅವನು ಸತ್ತದ್ದು ಬಾಗಿಲಾಚೆ, ನಾವೂ ಪಾಳೆಯದ ಆಚೆಗೆ ಅವನ ಬಳಿ ಹೋಗೋಣ ಎಂಬುದು ಅಲ್ಲಿಯ ಕರೆ. ಮರಣದಂಡನೆ, ಹೆಣ, ರಕ್ತ ಇವೆಲ್ಲ ಊರಿಗೆ ಮೈಲಿಗೆಯಾಗಿದ್ದ ಜಾಗ ಅದು. ಅಂದರೆ ಕೇರಿ. ದಲಿತ ದೇವತಾಶಾಸ್ತ್ರ ಈ ಚಿತ್ರವನ್ನು ಕೈಬಿಡದೆ ಹಿಡಿದುಕೊಂಡಿರುವುದು ಸುಮ್ಮನೆ ಅಲ್ಲ. ನನ್ನ ವಾದ ಇಷ್ಟೆ: ಯುಟೋಪಿಯಾ ಬರೆದವರು ಹೊಸ ಜೆರುಸಲೇಮಿನ ಗೋಡೆಯನ್ನು ಎತ್ತಿಕೊಂಡರು, ಶಿಲುಬೆಯನ್ನು ಹೊರಗಿನಿಂದ ತಂದು ಊರ ನಡುವಿನ ಗುಡಿಯಲ್ಲಿ ಇಟ್ಟರು. ಶಿಲುಬೆ ಇದ್ದ ಜಾಗದಲ್ಲಿ ಇರುವವರನ್ನು ಮಾತ್ರ ಅಲ್ಲೇ ಬಿಟ್ಟರು.

ಇದಕ್ಕೆ ಸಾಕ್ಷಿಯೂ ಮೋರ್‌ನಲ್ಲೇ ಇದೆ. ಯುಟೋಪಿಯಾದಲ್ಲಿ ಒಂದು ಬಗೆಯ ಧಾರ್ಮಿಕರು ಇದ್ದಾರೆ. ರಸ್ತೆ ದುರಸ್ತಿ, ಚರಂಡಿ, ಕಟ್ಟಿಗೆ, ಕಲ್ಲು ಹೊರುವುದು — ಯಾರೂ ಮಾಡಲೊಲ್ಲದ ಕೆಲಸವನ್ನೆಲ್ಲ ಅವರು ನಗುನಗುತ್ತಾ ಮಾಡುತ್ತಾರೆ. ಅವರಲ್ಲಿ ಕೆಲವರು ಮದುವೆಯಾಗುವುದಿಲ್ಲ, ಮಾಂಸ ಮುಟ್ಟುವುದಿಲ್ಲ, ಉಳಿದವರು ಸಂಸಾರಿಗಳು. ಎಷ್ಟು ತಗ್ಗಿ ದುಡಿಯುತ್ತಾರೋ ಅಷ್ಟು ಅವರಿಗೆ ಗೌರವ. ಶಿಷ್ಯರ ಕಾಲು ತೊಳೆದ ಯೇಸುವಿನ ಪ್ರತಿಮೆ ಇದರ ಹಿಂದೆ ಇದೆ ಎಂಬುದು ಸ್ಪಷ್ಟ. ಮೋರ್ ಸ್ವತಃ ಸನ್ಯಾಸಿಗಳ ಬದುಕಿಗೆ ಮನಸೋತಿದ್ದವನು. 1535ರಲ್ಲಿ ತನ್ನ ನಂಬಿಕೆಗಾಗಿ ತಲೆ ಕೊಟ್ಟವನು. ಅವನ ಪ್ರಾಮಾಣಿಕತೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ. ಒಂದೇ ಊರು, ಒಂದೇ ಚರಂಡಿ. ಆಯ್ದುಕೊಂಡು ಅದಕ್ಕೆ ಇಳಿದವನಿಗೆ ಸಂತನ ಪಟ್ಟ, ಇಳಿಸಲ್ಪಟ್ಟವನಿಗೆ ಚಿನ್ನದ ಸಂಕೋಲೆ. ಸಂಕೇತ ಕೆಲಸವನ್ನು ಪವಿತ್ರ ಮಾಡಲಿಲ್ಲ, ಆಯ್ಕೆಯನ್ನು ಮಾತ್ರ ಪವಿತ್ರ ಮಾಡಿತು. ನಮ್ಮಲ್ಲಿ ದೊಡ್ಡವರು ಒಂದು ದಿನ ಪೊರಕೆ ಹಿಡಿದಾಗ ಫೋಟೋ ಬರುತ್ತದೆ. ಮಿಕ್ಕ ದಿನಗಳಲ್ಲಿ ಆ ಪೊರಕೆ ಹಿಡಿಯುವವರ ಫೋಟೋ ಬರುವುದು ಮ್ಯಾನ್‌ಹೋಲಿನಲ್ಲಿ ಸತ್ತಾಗ.

ಇಟಲಿಯ ತೊಮಾಸೊ ಕಂಪಾನೆಲ್ಲಾ ಇವರಿಗಿಂತ ಬೇರೆ ಥರದ ಮನುಷ್ಯ. ಡೊಮಿನಿಕನ್ ಸನ್ಯಾಸಿ, ಸ್ಪೇನಿನ ಆಳ್ವಿಕೆಯ ವಿರುದ್ಧ ಒಳಸಂಚು ಹೂಡಿದನೆಂದು ನೇಪಲ್ಸಿನ ಸೆರೆಯಲ್ಲಿ ಸುಮಾರು 27 ವರ್ಷ ಕಳೆದವನು. 1602ರಲ್ಲಿ ಆ ಸೆರೆಮನೆಯೊಳಗೆ ಕೂತು 'ಸೂರ್ಯನಗರ' ಬರೆದ. ನಗರ ಇರುವುದು ಸಿಂಹಳದಲ್ಲಿ. ಅಲ್ಲಿಯ ಜನ ಇಂಡಿಯಾದಿಂದ, ಕೊಳ್ಳೆಗಾರರ ಕಾಟ ತಾಳದೆ ಓಡಿಬಂದವರು! ಗೋಡೆಗಳ ಮೇಲೆ ಲೋಕದ ಶಾಸ್ತ್ರಕರ್ತರ ಚಿತ್ರಗಳಿವೆ. ಎಲ್ಲಕ್ಕಿಂತ ಗೌರವದ ಜಾಗದಲ್ಲಿ ಕ್ರಿಸ್ತ ಮತ್ತು ಹನ್ನೆರಡು ಶಿಷ್ಯರು. ಶಕ್ತಿ, ಜ್ಞಾನ, ಪ್ರೀತಿ ಎಂಬ ಮೂವರು ಅಧಿಕಾರಿಗಳು ತ್ರಿತ್ವದ ಛಾಯೆಯವರು. ಅಡುಗೆ, ಬಡಿಸುವುದು, ಹೊಲದ ಕೆಲಸ ಇಲ್ಲಿ ಕೀಳಲ್ಲ. ಕಾಲಲ್ಲಿ ನಡೆಯುವುದು, ಕಣ್ಣಲ್ಲಿ ನೋಡುವುದು ಹೇಗೆ ಮಾನವೋ ಇದೂ ಹಾಗೆ ಎನ್ನುತ್ತಾರೆ. ಸಭೆ ಒಂದು ದೇಹ, ಅದರ ಬಲಹೀನ ಅಂಗಕ್ಕೇ ಹೆಚ್ಚು ಮಾನ ಸಲ್ಲಬೇಕು ಎಂದ ಪೌಲನ ರೂಪಕ ಇದರ ಹಿಂದೆ ಇದೆ ಅಂತ ನನಗನ್ನಿಸುತ್ತದೆ. ಪುರುಷಸೂಕ್ತದ ದೇಹಕ್ಕೂ ಪೌಲನ ದೇಹಕ್ಕೂ ಎದುರುಬದುರು ಇಟ್ಟು ಯಾರಾದರೂ ಬರೆಯಬೇಕು. ಎರಡರಲ್ಲೂ ಪಾದ ಇದೆ, ಆದರೆ ಪಾದದ ಗತಿ ಬೇರೆ. ಇಷ್ಟೆಲ್ಲ ಹೇಳಿದ ಕಂಪಾನೆಲ್ಲಾ ಕೂಡ ಯುದ್ಧದಲ್ಲಿ ಸೆರೆಸಿಕ್ಕವರನ್ನು ಮಾರುತ್ತಾನೆ, ಇಲ್ಲವೆ ಹಳ್ಳ ತೋಡಲು ಹಚ್ಚುತ್ತಾನೆ. ಎಲ್ಲಿ? ನಗರದ ಹೊರಗೆ.

ಸೂರ್ಯನಗರದ ಒಂದು ಆಚರಣೆ ನನ್ನನ್ನು ಬಹಳ ಕಾಡಿತು. ಊರಿನ ಪಾಪಕ್ಕೆ ಪರಿಹಾರ ಬೇಕಾದಾಗ ಮುಖ್ಯ ಪುರೋಹಿತ ಜನರನ್ನು ಕೇಳುತ್ತಾನೆ, ಉಳಿದವರಿಗಾಗಿ ಯಾರು ಬಲಿಯಾಗುತ್ತೀರಿ ಅಂತ. ಒಬ್ಬ ಸಜ್ಜನ ತಾನಾಗಿ ಮುಂದೆ ಬರುತ್ತಾನೆ. ಅವನನ್ನು ಚೌಕ ಹಲಗೆಯ ಮೇಲೆ ಇಟ್ಟು, ನಾಲ್ಕು ಹಗ್ಗ ಕಟ್ಟಿ, ಗುಡಿಯ ಗುಮ್ಮಟಕ್ಕೆ ಎತ್ತುತ್ತಾರೆ. ಕೊಲ್ಲುವುದಿಲ್ಲ. ಇಪ್ಪತ್ತು ಮೂವತ್ತು ದಿನ ಅಲ್ಪ ಆಹಾರದಲ್ಲಿ ಪ್ರಾರ್ಥನೆ ಮಾಡಿಕೊಂಡಿದ್ದು ಆಮೇಲೆ ಅವನು ಪುರೋಹಿತನಾಗುತ್ತಾನೆ, ಬದುಕಿಡೀ ಮರ್ಯಾದೆ. ಇನ್ನೊಬ್ಬರ ಪಾಪ ಹೊರುವ ಕುರಿಮರಿಯ ಸಂಕೇತ ಇದು. ಇದನ್ನು ಓದುವಾಗ ಉಡುಪಿ ಸೀಮೆಯವನಾದ ನನಗೆ ಅಜಲು ನೆನಪಾಗದೆ ಇರಲು ಸಾಧ್ಯವಿಲ್ಲ. ಮೇಲಿನವರ ಕಾಯಿಲೆ, ಅನಿಷ್ಟ ಕಳೆಯಲಿ ಅಂತ ಕೂದಲು ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುತ್ತಿದ್ದರು. ಅಜಲು ನಿಷೇಧದ ಕಾನೂನು ಬರಲು 2000ನೇ ಇಸವಿಯಾಗಬೇಕಾಯಿತು. ಅಲ್ಲೂ ಒಬ್ಬ ಊರಿನ ಅನಿಷ್ಟ ಹೊರುತ್ತಾನೆ, ಇಲ್ಲೂ ಹೊರುತ್ತಾನೆ. ಅಲ್ಲಿ ಕೇಳುತ್ತಾರೆ, ಇಲ್ಲಿ ಯಾರೂ ಕೇಳಲಿಲ್ಲ. ಅಲ್ಲಿ ಹೊತ್ತವನು ಗುಮ್ಮಟಕ್ಕೆ ಏರುತ್ತಾನೆ. ಇಲ್ಲಿ ಹೊತ್ತವನನ್ನು ಮುಟ್ಟಬಾರದು. ಕೊರಗರನ್ನು ಕ್ರಿಸ್ತನಿಗೆ ಹೋಲಿಸಿ ಪದ್ಯ ಬರೆಯುವ ಮಿತ್ರರು ಈ ವ್ಯತ್ಯಾಸವನ್ನು ದಯಮಾಡಿ ಗಮನಿಸಬೇಕು. ಒಪ್ಪಿಗೆಯಿಲ್ಲದ ಬಲಿಯನ್ನು ತ್ಯಾಗ ಎಂದು ಕರೆದರೆ ಅದು ಇನ್ನೊಂದು ಅಜಲು.

ಬೇಕನ್ನನ ಬೆನ್ಸಲೆಂ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದು ನಮ್ಮ ನೆರೆಯ ಕಲ್ಯಾಣಪುರವನ್ನು ಬಳಸಿ ಹೋಗುವ ಕತೆ. ಆ ದ್ವೀಪಕ್ಕೆ ಕ್ರೈಸ್ತಧರ್ಮ ಬಂದದ್ದು ಪಾದ್ರಿಯಿಂದಲ್ಲ, ಕಡಲಿನಿಂದ. ರಾತ್ರಿ ನೀರಿನ ಮೇಲೆ ಬೆಳಕಿನ ಕಂಬ, ತುದಿಯಲ್ಲಿ ಶಿಲುಬೆ. ಹತ್ತಿರ ಹೋದರೆ ಕಂಬ ನಕ್ಷತ್ರಗಳಾಗಿ ಒಡೆದು, ದೇವದಾರಿನ ಸಣ್ಣ ಪೆಟ್ಟಿಗೆ ಉಳಿಯುತ್ತದೆ. ಒಳಗೆ ಧರ್ಮಗ್ರಂಥ, ಸಂತ ಬಾರ್ಥಲೋಮಿಯೊನ ಪತ್ರ. ಇದೇ ಬಾರ್ಥಲೋಮಿಯೊ ಇಂಡಿಯಾಕ್ಕೆ ಬಂದಿದ್ದನೆಂದು ಹಳೆಯ ಚರ್ಚ್ ಚರಿತ್ರೆ ಹೇಳುತ್ತದೆ. ಆರನೇ ಶತಮಾನದ ಪ್ರವಾಸಿ ಕಾಸ್ಮಸ್ ಪಶ್ಚಿಮ ಕರಾವಳಿಯ ಕಲ್ಲಿಯಾನ ಎಂಬಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದನೆಂದು ಬರೆದಿದ್ದಾನೆ. ಅದು ಮುಂಬೈ ಬಳಿಯ ಕಲ್ಯಾಣ ಎಂದು ಹೆಚ್ಚಿನ ವಿದ್ವಾಂಸರು, ಅಲ್ಲ ನಮ್ಮ ಕಲ್ಯಾಣಪುರ ಎಂದು ಕೆಲವರು. ಆ ಜಗಳ ನನಗೆ ಮುಖ್ಯವಲ್ಲ. ಬೇಕನ್ ಬರೆಯುವ ಇನ್ನೊಂದು ವಿವರ ಮುಖ್ಯ. ಆಗ ಬೆನ್ಸಲೆಮಿನಲ್ಲಿ ಇಬ್ರಿಯರು, ಪರ್ಷಿಯನ್ನರು, ಇಂಡಿಯನ್ನರು ಇದ್ದರು. ಪ್ರತಿಯೊಬ್ಬನೂ ಆ ಗ್ರಂಥವನ್ನು ತನ್ನ ತಾಯ್ನುಡಿಯಲ್ಲೇ ಬರೆದ ಹಾಗೆ ಓದಿದ. ಇದು ಪೆಂತೆಕೊಸ್ತ ದಿನದ ಪವಾಡದ ಮರುರೂಪ. ಆ ಇಂಡಿಯನ್ ಯಾವ ಜಾತಿಯವನಿದ್ದಾನು? ಅಕ್ಷರ ಕಿವಿಗೆ ಬಿದ್ದರೂ ಅಪರಾಧವಾಗಿದ್ದವನಿಗೆ ಈ ಪವಾಡದ ಅರ್ಥವೇ ಬೇರೆ. ನಮ್ಮಲ್ಲಿ ಅದು ಪವಾಡವಾಗಿ ನಡೆಯಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚಿನ ಪ್ರೆಸ್ಸು 1841ರಲ್ಲಿ ಶುರುವಾಗಿ, 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಹೊರಬಂತು. ಜತೆಗೆ ಶಾಲೆಗಳು. ಪೆಟ್ಟಿಗೆ ತಾನಾಗಿ ತೆರೆದುಕೊಳ್ಳಲಿಲ್ಲ, ಶಾಯಿ ಕಾಗದ ಸಂಬಳ ಎಲ್ಲ ಬೇಕಾಯಿತು.

ಈ ಬಾಸೆಲ್ ಮಿಶನ್ನಿಗೂ ಆಂಡ್ರಿಯೆಯ ಕನಸಿನ ನಗರಕ್ಕೂ ನೆಲದ ನಂಟು ಇದೆ. ಆಂಡ್ರಿಯೆ ಜರ್ಮನಿಯ ವುರ್ಟೆಂಬರ್ಗಿನವನು, ಟ್ಯೂಬಿಂಗೆನ್ನಿನಲ್ಲಿ ಓದಿದವನು, 1620ರಿಂದ ಕಾಲ್ವ್ ಎಂಬ ಊರಲ್ಲಿ ಸಭೆಯ ಹಿರಿಯನಾಗಿದ್ದವನು. ಅದೇ ವುರ್ಟೆಂಬರ್ಗಿನಿಂದ, ಅದೇ ಟ್ಯೂಬಿಂಗೆನ್ನಿನಲ್ಲಿ ಓದಿ ಬಂದವರು ಹರ್ಮನ್ ಮೋಗ್ಲಿಂಗ್ ಮತ್ತು ಮಲಯಾಳದ ನಿಘಂಟುಕಾರ ಗುಂಡರ್ಟ್. ಗುಂಡರ್ಟ್ ತನ್ನ ಕೊನೆಯ ದಶಕಗಳನ್ನು ಕಳೆದದ್ದು ಆ ಕಾಲ್ವ್‌ನಲ್ಲೇ. ಪುಸ್ತಕದಿಂದ ಪುಸ್ತಕಕ್ಕೆ ಗೆರೆ ಎಳೆಯುವುದು ನನ್ನ ಉದ್ದೇಶವಲ್ಲ. ದುಡಿಮೆ, ಪ್ರಾರ್ಥನೆ, ಶಿಸ್ತು ಇವಿಷ್ಟರಿಂದ ಒಂದು ಊರನ್ನೇ ಹೊಸದಾಗಿ ಕಟ್ಟಬಹುದು ಎಂಬ ನಂಬಿಕೆ ಅವರ ನೆಲದಲ್ಲಿ ಇತ್ತು.

ಮೋಗ್ಲಿಂಗ್‌ನನ್ನು ನಾವು 'ಮಂಗಳೂರ ಸಮಾಚಾರ'ದ ಸಂಪಾದಕ ಅಂತ ಪ್ರತಿವರ್ಷ ಜುಲೈ 1ರಂದು ನೆನೆಯುತ್ತೇವೆ. ಕನ್ನಡದ ಮೊದಲ ಪತ್ರಿಕೆ, 1843. ಆದರೆ ಅವನು 1853ರಲ್ಲಿ ಕೊಡಗಿಗೆ ಹೋಗಿ, ಅಮ್ಮತ್ತಿಯ ಕಡೆ ಹೊಲೆಯರಿಗಾಗಿ ಒಂದು ಊರು ಕಟ್ಟಿದ್ದನ್ನು ನೆನೆಯುವವರು ಕಮ್ಮಿ. ಕೊಡಗಿನ ಹೊಲೆಯರಲ್ಲಿ ಭೂಮಿಗೆ ಕಟ್ಟಿದ ಆಳು, ಮನೆತನಕ್ಕೆ ಕಟ್ಟಿದ ಆಳು ಎಂದು ಎರಡು ಬಗೆ ಇತ್ತು. 1843ರ ಐದನೇ ಕಾಯಿದೆ ಗುಲಾಮಗಿರಿಗೆ ಕೋರ್ಟಿನ ಮನ್ನಣೆ ತೆಗೆದರೂ ಗದ್ದೆಯಲ್ಲಿ ಅದು ಉಳಿದಿತ್ತು. ಅಂಥವರಲ್ಲಿ ಕ್ರೈಸ್ತರಾದವರಿಗೆ ಕಾಡು ಕಡಿದು ಕಟ್ಟಿದ ಊರಿಗೆ ಅವನಿಟ್ಟ ಹೆಸರು ಬೆಥೆಲ್ ಅಲ್ಲ, ಸಲೆಂ ಅಲ್ಲ. ಆನಂದಪುರ.

ನಾನು ಓದಿದ ಯುಟೋಪಿಯಾಗಳ ನಡುವೆ ಆನಂದಪುರ ಒಂದು ತಿರುಗುಮುರುಗು. ಉಳಿದ ಕಡೆ ಊರು ಮೊದಲು, ಕೇರಿ ಅದರ ಹೊರಗೆ. ಇಲ್ಲಿ ಕೇರಿಯೇ ಊರಾಯಿತು. ನಗರದ ಹೊರಗೆ ಹಳ್ಳ ತೋಡುತ್ತಿದ್ದವರು ನಗರದ ಮೊದಲ ನಾಗರಿಕರು. ಭಾನುವಾರದ ವಿಷಯವನ್ನೇ ತೆಗೆದುಕೊಳ್ಳಿ. ದೇವರು ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಿದ ಎಂಬುದು ಬೇಕನ್ನನಿಗೆ ತನ್ನ ವಿದ್ವಾಂಸರ ಮಠಕ್ಕೆ ಇಡಲು ಒಂದು ಚಂದದ ಹೆಸರು. ಒಡೆಯನ ಗದ್ದೆಯಲ್ಲಿ ವರ್ಷವಿಡೀ ದುಡಿಯುವ ಆಳಿಗೆ ಅದು ರಜೆಯ ಹಕ್ಕು. 'ಇವತ್ತು ಬರೋಲ್ಲ' ಎನ್ನಲು ಅವನಿಗೆ ಸಿಕ್ಕಿದ ಮೊದಲ ಕಾರಣ. ಸಂಕೇತ ಬದಲಾಗಿಲ್ಲ, ಅದನ್ನು ಹಿಡಿದ ಕೈ ಬದಲಾಯಿತು.

ಹಾಗಂತ ಆನಂದಪುರಕ್ಕೆ ಆರತಿ ಎತ್ತಬೇಕಿಲ್ಲ. ಊರಿನ ಅನ್ನ ಕಾಫಿ ತೋಟದ್ದು, ತೋಟ ಮಿಶನ್ನಿನದು. ಗುರು, ಧಣಿ, ನ್ಯಾಯಾಧೀಶ ಮೂವರೂ ಒಬ್ಬನೇ ಪಾದ್ರಿ. ಸೂರ್ಯನಗರದ ಮುಖ್ಯ ಪುರೋಹಿತನೂ ಹಾಗೆಯೇ. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದ. ಊರು ಉಳಿಯಿತು. ಇತ್ತ ಕರಾವಳಿಯಲ್ಲಿ ಹಳೆಯ ಕೆಥೋಲಿಕರೊಳಗೆ ಬಾಮಣ್, ಚಾರೋಡಿ, ಸುದಿರ್ ಎಂಬ ಭೇದಗಳು ಶಿಲುಬೆಯ ಕೆಳಗೂ ಬಾಳಿಕೊಂಡು ಬಂದವು. ಮದುವೆ ಮಾತುಕತೆಯಲ್ಲಿ ಅದು ಗೊತ್ತಾಗುತ್ತಿತ್ತು. ಇನ್ನು ಸ್ವತಂತ್ರ ಭಾರತದ ಬಾಗಿಲು. ಪರಿಶಿಷ್ಟ ಜಾತಿಗಳ 1950ರ ರಾಷ್ಟ್ರಪತಿ ಆದೇಶ ಹಿಂದೂಗಳಿಗೆ ಮಾತ್ರ ಅನ್ವಯ ಎಂದು ಬರೆಯಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ತೆರೆಯಿತು, ಕ್ರೈಸ್ತ ಮುಸ್ಲಿಮ ದಲಿತರಿಗೆ ತೆರೆಯಲಿಲ್ಲ. ಆಂಡ್ರಿಯೆಯ ಬಾಗಿಲಲ್ಲಿ ಮೂರು ಪರೀಕ್ಷೆ ಇತ್ತು ಅಂದೆನಲ್ಲ, ನಮ್ಮಲ್ಲಿ ಒಂದೇ ಸಾಕಾಗಿದೆ.

ಆ ಕಾಲದ ಒಬ್ಬನೇ ಒಬ್ಬ ಬರಹಗಾರನನ್ನು ನಾನು ನಮ್ಮ ಸಾಲಿನಲ್ಲಿ ಕೂರಿಸಿಕೊಳ್ಳುತ್ತೇನೆ. ಜೆರಾರ್ಡ್ ವಿನ್‌ಸ್ಟನ್ಲಿ. ಬಟ್ಟೆ ವ್ಯಾಪಾರದಲ್ಲಿ ದಿವಾಳಿಯಾಗಿ ದನ ಮೇಯಿಸುತ್ತಿದ್ದವನು. 1649ರ ಏಪ್ರಿಲ್ 1ರಂದು ಇಂಗ್ಲೆಂಡಿನ ಸರ್ರೆಯ ಸೈಂಟ್ ಜಾರ್ಜ್ ಗುಡ್ಡದಲ್ಲಿ ಬಡವರ ಒಂದು ಗುಂಪು ಪಾಳುನೆಲ ಅಗೆದು ಕ್ಯಾರೆಟ್ಟು, ಬೀನ್ಸು ಬಿತ್ತಿತು. ಅವನೂ ಬೈಬಲನ್ನೇ ಹಿಡಿದವನು. ಆದರೆ ಅವನಿಗೆ ಆದಾಮನ ಪತನ ಎಂದರೆ ಖಾಸಗಿ ಆಸ್ತಿ. ಅಣ್ಣತಮ್ಮಂದಿರಾದ ಏಸಾವ ಯಾಕೋಬರ ಕತೆ ಎಂದರೆ ಭೂಮಾಲಿಕ ಅಣ್ಣ, ಭೂಮಿಯಿಲ್ಲದ ತಮ್ಮ. ಕ್ರಿಸ್ತ ಮರಳಿ ಬರುವುದು ಮೋಡದ ಮೇಲಲ್ಲ, ದುಡಿಯುವ ಗಂಡಸರ ಹೆಂಗಸರ ಒಳಗೆ ಅವನು ಏಳುತ್ತಾನೆ. ಅವನ ಕನಸಿನ ರಾಜ್ಯದ ಪುಸ್ತಕ ಬಂದದ್ದು 1652ರಲ್ಲಿ, ಅಗೆದು ಸೋತ ಮೇಲೆ. ಅದರಲ್ಲೂ ತಪ್ಪು ಮಾಡಿದವರಿಗೆ ಗುರುತಿನ ಬಟ್ಟೆ ತೊಡಿಸಿ ದುಡಿಸುವ ಶಿಕ್ಷೆ ಇದೆ. ಅದನ್ನು ಓದಿ ಬೇಜಾರಾಯಿತು. ಆದರೂ ಅವನ ಊರಿಗೆ ಗೋಡೆಯಿಲ್ಲ. ಶಿಲುಬೆ ಇರುವ ಕಡೆಗೇ ಅವನು ಗುದ್ದಲಿ ಒಯ್ದ.

ನಮ್ಮ ಎರಡು ಜಿಲ್ಲೆಗಳಲ್ಲಿ ಡಿ.ಸಿ. ಮನ್ನಾ ಭೂಮಿ ಎಂದು ಒಂದಿದೆ, ಬ್ರಿಟಿಷರ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸಿನವರಿಗೆ ಅಂತ ಕಾದಿರಿಸಿದ್ದು. ಅದನ್ನು ದಲಿತರಿಗೆ ಹಂಚಿ, ಒತ್ತುವರಿ ತೆರವು ಮಾಡಿ ಎಂದು ತಹಸೀಲ್ದಾರರ ಕಚೇರಿ ಮುಂದ��� ಕೂರುವುದು ನಮ್ಮ ಸಂಘಟನೆಗಳ ಮುಗಿಯದ ಕೆಲಸ. ಕನ್ನಡ ಬೈಬಲಿನಲ್ಲೂ ಮನ್ನಾ ಎಂಬ ಪದ ಇದೆ: ಗುಲಾಮಗಿರಿಯಿಂದ ಬಿಡಿಸಿಕೊಂಡು ಮರಳುಗಾಡಿಗೆ ಬಂದವರಿಗೆ ಆಕಾಶದಿಂದ ಬಿದ್ದ ಆಹಾರ. ಎರಡೂ ಬೇರೆ ಬೇರೆ ಮೂಲದ ಪದಗಳು, ಕಾಗುಣಿತ ಮಾತ್ರ ಒಂದೇ. ಧರಣಿಯಲ್ಲಿ ಇದನ್ನು ಹೇಳಿದರೆ ಹಿರಿಯರು ನಗುತ್ತಾರೆ, ಆಕಾಶದಿಂದ ಬಿದ್ದದ್ದನ್ನೂ ಗುತ್ತಿನವರು ಹೆಕ್ಕಿಕೊಂಡರು ಮಾರಾಯ್ರೆ ಅಂತ.

ಆನಂದಪುರದ ಹಿರಿಯರ ನೆನಪುಗಳು ಯಾರ ಬಳಿಯಾದರೂ ಇದ್ದರೆ, ಅಜ್ಜಿಯೊಬ್ಬಳ ಬಾಯಿಮಾತಾದರೂ ಸರಿ, ಈ ಪತ್ರಿಕೆಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಮಿಶನ್ನಿನ ವರದಿಗಳಲ್ಲಿ ಪಾದ್ರಿಗಳ ದನಿ ಸಾಕಷ್ಟಿದೆ.

ಅದಾದ ಮೇಲೆ ಮತ್ತೊಮ್ಮೆ ಹೂಡೆಗೆ ಹೋದಾಗ ವಿನ್‌ಸ್ಟನ್ಲಿಯ ಕತೆ ಹೇಳಿದೆ. ಕಸದ ಪ್ರಶ್ನೆ ಕೇಳಿದ್ದ ಆ ಹುಡುಗಿಯೇ ಮತ್ತೆ ಕೇಳಿದಳು, "ಅವರು ಬಿತ್ತಿದ್ದು ಕೊಯ್ಲಿಗೆ ಬಂತಾ ಸಾರ್?"

ಇಲ್ಲ ಎಂದೆ. ವರ್ಷ ತುಂಬುವಷ್ಟರಲ್ಲಿ ಜಮೀನ್ದಾರರ ಜನ ಬೆಳೆ ತುಳಿಸಿ, ಮನೆಗಳಿಗೆ ಬೆಂಕಿ ಹಾಕಿ ಓಡಿಸಿದರು. ಅವರ ಜೊತೆ ಸ್ಥಳೀಯ ಪಾದ್ರಿಯೂ ಇದ್ದ.